‘ಗೆಟ್’ ಪದವನ್ನು ಕೈವಶ ಮಾಡಿಕೊಳ್ಳುವುದು ಹೇಗೆ?

ಇಂಗ್ಲಿಷ್ ಪತ್ರಿಕೆಯನ್ನು ಸಲೀಸಾಗಿ ಓದುವವರು ಕೂಡ ಇಂಗ್ಲಿಷ್ ಮಾತುಕತೆಯ ನಡುವೆ ಕುಳಿತಾಗ ಎಡವುವುದು ಪುಟ್ಟ ಪದಗಳಲ್ಲಿ. ದೊಡ್ಡ ಪದಕ್ಕೆ ಒಂದೋ ಎರಡೋ ಅರ್ಥವಿರುತ್ತದೆ, ನಿಘಂಟು ತೆರೆದರೆ ಕೆಲಸ ಮುಗಿಯಿತು. ‘ಗೆಟ್’ ಹಾಗಲ್ಲ. ಸಿಗು, ಪಡೆ, ತರು, ಆಗು, ತಲುಪು, ಹಿಡಿ, ಅರ್ಥವಾಗು, ಮಾಡಿಸು, ಒಪ್ಪಿಸು ಹೀಗೆ ನಿಘಂಟಿನ ಪುಟಗಳು ಉರುಳುತ್ತಲೇ ಹೋಗುತ್ತವೆ. ಅಷ್ಟನ್ನೂ ಬಾಯಿಪಾಠ ಮಾಡಿ ಸೋತು, ಕೊನೆಗೆ ಆ ಪದವನ್ನೇ ಬಳಸದೆ ‘ರಿಸೀವ್’, ‘ಆಬ್ಟೇನ್’, ‘ಬಿಕಮ್’ ಎಂದು ಸುತ್ತು ಬಳಸಿ ಮಾತನಾಡುವವರು ಬಹಳ ಮಂದಿ. ಅವರ ಇಂಗ್ಲಿಷ್ ತಪ್ಪಿರುವುದಿಲ್ಲ, ಆದರೆ ಅರ್ಜಿ ಓದಿದಂತೆ ಕೇಳಿಸುತ್ತದೆ. ಕನ್ನಡ ಬಲ್ಲವರಿಗೆ ಈ ಪದವನ್ನು ಹಿಡಿಯಲು ಹತ್ತಿರದ ದಾರಿಯೊಂದಿದೆ. ಆ ದಾರಿಯಲ್ಲಿ ಹಂತಹಂತವಾಗಿ ಹೋಗೋಣ.

ಮೊದಲ ಹೆಜ್ಜೆ: ಅರ್ಥಗಳ ಪಟ್ಟಿಯನ್ನು ಪಕ್ಕಕ್ಕಿಡಿ

ಕನ್ನಡದ ‘ಹಾಕು’ ಎಂಬ ಕ್ರಿಯಾಪದವನ್ನು ನೆನಪಿಸಿಕೊಳ್ಳಿ. ಬೀಗ ಹಾಕು, ಅರ್ಜಿ ಹಾಕು, ಲೆಕ್ಕ ಹಾಕು, ಅಂಗಿ ಹಾಕು, ಹೊಂಚು ಹಾಕು, ಗಾಳ ಹಾಕು. ಇವುಗಳಲ್ಲಿ ‘ಹಾಕು’ವಿನ ಅರ್ಥ ಒಂದೊಂದು ಕಡೆ ಒಂದೊಂದು. ನಮ್ಮಲ್ಲಿ ಯಾರೂ ಇದನ್ನು ಪಟ್ಟಿ ಮಾಡಿ ಕಲಿತಿಲ್ಲ. ಪಕ್ಕದಲ್ಲಿ ಬೀಗವಿದೆಯೋ ಅರ್ಜಿಯಿದೆಯೋ ಎಂಬುದೇ ಅರ್ಥವನ್ನು ತೀರ್ಮಾನಿಸುತ್ತದೆ. ‘ಗೆಟ್’ ಕೂಡ ಇದೇ ಜಾತಿಯ ಪದ. ಒಂದೇ ವ್ಯತ್ಯಾಸವೆಂದರೆ ಕನ್ನಡದಲ್ಲಿ ಸಂಗಾತಿ ಪದ ಎಡಕ್ಕಿರುತ್ತದೆ, ಇಂಗ್ಲಿಷಿನಲ್ಲಿ ಬಲಕ್ಕೆ. ಆದ್ದರಿಂದ ‘ಗೆಟ್’ ಕಂಡಾಗಲೆಲ್ಲ ಕೇಳಬೇಕಾದ ಪ್ರಶ್ನೆ ‘ಇದರ ಅರ್ಥವೇನು’ ಎಂಬುದಲ್ಲ. ‘ಇದರ ಮುಂದೆ ಏನಿದೆ’ ಎಂದು ಕೇಳಿ. ಮುಂದಿರುವುದು ವಸ್ತುವೇ, ಗುಣವೇ, ಜಾಗವೇ, ಇನ್ನೊಂದು ಕ್ರಿಯಾಪದವೇ? ಈ ಮಾರ್ಗದರ್ಶಿ ಪೂರ್ತಿ ನಿಂತಿರುವುದು ಆ ಒಂದು ಪ್ರಶ್ನೆಯ ಮೇಲೆ.

ಹಾಗಿದ್ದರೂ ಪದಕ್ಕೆ ಒಂದು ತಿರುಳು ಇದ್ದೇ ಇದೆ. ‘ಗೆಟ್’ ಮೂಲದಲ್ಲಿ ಇಂಗ್ಲಿಷಿನದಲ್ಲ. ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದವರ ಹಳೆಯ ನಾರ್ಸ್ ಭಾಷೆಯ ‘ಗೆಟಾ’ ಎಂಬ ಪದ ಸುಮಾರು 1200ರ ಹೊತ್ತಿಗೆ ಇಂಗ್ಲಿಷಿಗೆ ಸೇರಿತು. ಅದಕ್ಕೂ ಮೊದಲು ಹಳೆಯ ಇಂಗ್ಲಿಷಿನಲ್ಲಿ ಇದರ ಸೋದರ ಪದ ಮುಖ್ಯವಾಗಿ ಜೋಡುಪದಗಳೊಳಗೆ ಬದುಕಿತ್ತು. ಇಂದಿನ ‘ಫರ್ಗೆಟ್’ ಅಲ್ಲಿಂದ ಉಳಿದು ಬಂದದ್ದು. ಈ ಬಳಗದ ಮೂಲ ಧಾತುವಿನ ಅರ್ಥ ‘ಹಿಡಿ’, ‘ಕೈಗೆ ತೆಗೆದುಕೊ’ ಎಂದು. ಇಲ್ಲದ್ದು ಕೈಗೆ ಬರುವುದು, ಅಲ್ಲಿಲ್ಲದವನು ಅಲ್ಲಿಗೆ ಬರುವುದು, ಹಾಗಿರದವನು ಹಾಗಾಗುವುದು, ಎಲ್ಲದರಲ್ಲೂ ಒಂದು ದಾಟುವಿಕೆ ಇದೆ. ಇರುವಿಕೆಯನ್ನು ಹೇಳಲು ಇಂಗ್ಲಿಷಿನಲ್ಲಿ ‘ಬಿ’ ಮತ್ತು ‘ಹ್ಯಾವ್’ ಇವೆ. ಆ ಸ್ಥಿತಿಗೆ ಬಂದ ಗಳಿಗೆಯನ್ನು ಹೇಳುವುದು ‘ಗೆಟ್’. “ಶಿ ಈಸ್ ಮ್ಯಾರೀಡ್” ಎಂದರೆ ಅವಳಿಗೆ ಮದುವೆಯಾಗಿದೆ. “ಶಿ ಗಾಟ್ ಮ್ಯಾರೀಡ್” ಎಂದರೆ ಅವಳಿಗೆ ಮದುವೆಯಾಯಿತು. ‘ಆಗಿದೆ’ ಮತ್ತು ‘ಆಯಿತು’ಗಳ ನಡುವೆ ನಾವು ದಿನವೂ ಯೋಚಿಸದೆ ಮಾಡುವ ಭೇದವೇ ಇದು.

ಎರಡನೆಯ ಹೆಜ್ಜೆ: ‘ನನಗೆ’ಯಿಂದ ಒಳಗೆ ಬನ್ನಿ

ಮೇಲಿನ ಉದಾಹರಣೆಯಲ್ಲಿ ಕನ್ನಡದ ‘ಅವಳಿಗೆ’ ಇಂಗ್ಲಿಷಿನಲ್ಲಿ ‘ಅವಳು’ ಆಗಿರುವುದನ್ನು ಗಮನಿಸಿದಿರಾ? ಕನ್ನಡಿಗರ ಹತ್ತಿರದ ದಾರಿ ಇಲ್ಲಿಂದಲೇ ತೆರೆದುಕೊಳ್ಳುತ್ತದೆ. ನಮಗೆ ಆಗುವ ಅನುಭವಗಳನ್ನು ಕನ್ನಡ ಚತುರ್ಥಿ ವಿಭಕ್ತಿಯಲ್ಲಿ ಹೇಳುತ್ತದೆ. ಅನುಭವಿಸುವವನು ‘ನನಗೆ’ ಆಗಿ ಪಕ್ಕದಲ್ಲಿ ನಿಲ್ಲುತ್ತಾನೆ, ಬಂದ ಸಂಗತಿಯೇ ಕರ್ತೃವಾಗುತ್ತದೆ. ಇಂಗ್ಲಿಷ್ ಆ ‘ನನಗೆ’ಯನ್ನು ಎತ್ತಿ ಮುಂದೆ ತಂದು ‘ಐ’ ಮಾಡಿ, ಜೊತೆಗೆ ‘ಗಾಟ್’ ಇಡುತ್ತದೆ.

ನನಗೆ ಕೆಲಸ ಸಿಕ್ಕಿತು: “ಐ ಗಾಟ್ ಎ ಜಾಬ್.” ನನಗೆ ಪತ್ರ ಬಂತು: “ಐ ಗಾಟ್ ಎ ಲೆಟರ್.” ನನಗೆ ಕೋಪ ಬಂತು: “ಐ ಗಾಟ್ ಆ್ಯಂಗ್ರಿ.” ನನಗೆ ಜ್ವರ ಬಂತು: “ಐ ಗಾಟ್ ಎ ಫೀವರ್.” ನನಗೆ ಭಯವಾಯಿತು: “ಐ ಗಾಟ್ ಸ್ಕೇರ್ಡ್.” ನನಗೆ ಅರ್ಥವಾಯಿತು: “ಐ ಗಾಟ್ ಇಟ್.” ನನಗೆ ಆಘಾತವಾಯಿತು: “ಐ ಗಾಟ್ ಎ ಶಾಕ್.”

ಕನ್ನಡದಲ್ಲಿ ಸಿಕ್ಕಿತು, ಬಂತು, ಆಯಿತು ಎಂಬ ಮೂರು ಬೇರೆ ಕ್ರಿಯಾಪದಗಳಿವೆ, ಇಂಗ್ಲಿಷಿನಲ್ಲಿ ಒಂದೇ ‘ಗಾಟ್’. ಆದ್ದರಿಂದ ಬಾಯಲ್ಲಿ ‘ನನಗೆ… ಬಂತು’, ‘ನನಗೆ… ಸಿಕ್ಕಿತು’, ‘ನನಗೆ… ಆಯಿತು’ ಎಂಬ ಧಾಟಿಯ ವಾಕ್ಯ ಹುಟ್ಟಿದಾಗ ಮೊದಲು ‘ಐ ಗಾಟ್’ ಎಂದು ಪ್ರಯತ್ನಿಸಿ ನೋಡಿ. ಬಹಳ ಸಲ ಅದು ಸರಿಯಾಗಿಯೇ ಕೂರುತ್ತದೆ.

ಎಲ್ಲ ಕಡೆ ಕೂರುವುದಿಲ್ಲ ಎಂಬ ಎಚ್ಚರವೂ ಇರಬೇಕು. ನನಗೆ ನೆನಪಾಯಿತು ಎನ್ನಲು “ಐ ರಿಮೆಂಬರ್ಡ್”, ನನಗೆ ಇಷ್ಟವಾಯಿತು ಎನ್ನಲು “ಐ ಲೈಕ್ಡ್ ಇಟ್”. ಇವುಗಳಿಗೆ ಇಂಗ್ಲಿಷಿನಲ್ಲಿ ಸ್ವಂತ ಕ್ರಿಯಾಪದಗಳಿವೆ. ನನಗೆ ಸಂತೋಷವಾಯಿತು ಎನ್ನುವಲ್ಲಿ “ಐ ವಾಸ್ ಹ್ಯಾಪಿ” ಸಹಜ, “ಐ ಗಾಟ್ ಹ್ಯಾಪಿ” ಕಿವಿಗೆ ಒರಟು. ನಮ್ಮವರಲ್ಲಿ ಬೇರು ಬಿಟ್ಟಿರುವ ತಪ್ಪೆಂದರೆ ‘ನನಗೆ ತಡವಾಯಿತು’ ಎನ್ನಲು “ಐ ಗಾಟ್ ಲೇಟ್” ಎನ್ನುವುದು. ಹೊತ್ತು ಮೀರುವುದಕ್ಕೆ “ಇಟ್ ಗಾಟ್ ಲೇಟ್” ಎನ್ನಬಹುದು. ನಾವು ತಡವಾಗಿ ಬಂದದ್ದಕ್ಕೆ “ಐ ವಾಸ್ ಲೇಟ್” ಎನ್ನಬೇಕು, ಯಾವುದೋ ಅಡ್ಡಿಯಿಂದ ತಡವಾಗಿದ್ದರೆ “ಐ ಗಾಟ್ ಡಿಲೇಡ್”.

ಮೂರನೆಯ ಹೆಜ್ಜೆ: ಮುಂದೆ ವಸ್ತುವಿದ್ದರೆ

ನಾಮಪದ ಬಂದರೆ ಅರ್ಥ ಸಿಗು, ಪಡೆ, ಕೊಳ್ಳು, ತರು ಎಂಬ ಬಳಗದಲ್ಲೇ ಸುತ್ತುತ್ತದೆ. ತಾನಾಗಿ ಬಂದಿತೋ ಪ್ರಯತ್ನಪಟ್ಟು ತಂದದ್ದೋ ಎಂಬುದನ್ನು ‘ಗೆಟ್’ ಹೇಳುವುದಿಲ್ಲ, ವಸ್ತುವೇ ಹೇಳುತ್ತದೆ. ಪತ್ರವಾದರೆ ಬಂತು, ಟಿಕೆಟ್ ಆದರೆ ಕೊಂಡರು, ಬಹುಮಾನವಾದರೆ ಗೆದ್ದರು, ನೆಗಡಿಯಾದರೆ ಹತ್ತಿಕೊಂಡಿತು. ಫೋನ್ ಅಥವಾ ಬಾಗಿಲ ಗಂಟೆ ಬಾರಿಸುತ್ತಿರುವಾಗ “ಐ ವಿಲ್ ಗೆಟ್ ಇಟ್” ಎಂದರೆ ನಾನು ನೋಡುತ್ತೇನೆ, ನಾನು ಎತ್ತುತ್ತೇನೆ ಎಂದರ್ಥ. ಹಾಸ್ಯ, ಮಾತು, ವಿಷಯ ಇವು ಮುಂದಿದ್ದರೆ ಅರ್ಥವಾಗು ಎಂದು. “ಐ ಡಿಡ್ ನಾಟ್ ಗೆಟ್ ದ ಜೋಕ್” ಎಂದವರು ನಗದಿರಲು ಕಾರಣ ಹೇಳುತ್ತಿದ್ದಾರೆ.

ವ್ಯಕ್ತಿ ಮತ್ತು ವಸ್ತು ಎರಡೂ ಬಂದರೆ ಮೊದಲು ವ್ಯಕ್ತಿ, ಆಮೇಲೆ ವಸ್ತು. “ಗೆಟ್ ಮಿ ಎ ಚೇರ್”: ನನಗೊಂದು ಕುರ್ಚಿ ತಂದುಕೊಡಿ. ‘ಮಿ’ಯ ಹಿಂದೆ ‘ಟು’ ಸೇರಿಸಬೇಡಿ.

ನಾಲ್ಕನೆಯ ಹೆಜ್ಜೆ: ಮುಂದೆ ಗುಣವಿದ್ದರೆ

ಗುಣವಾಚಕ ಬಂದರೆ ‘ಗೆಟ್’ ಎಂದರೆ ‘ಆಗು’. ಗೆಟ್ ವೆಟ್ ಎಂದರೆ ಒದ್ದೆಯಾಗು, ಗೆಟ್ ಓಲ್ಡ್ ಎಂದರೆ ಮುದಿಯಾಗು, ಗೆಟ್ ರೆಡಿ ಎಂದರೆ ಸಿದ್ಧನಾಗು, ಗೆಟ್ ಟಯರ್ಡ್ ಎಂದರೆ ದಣಿ. ನಿಧಾನವಾಗಿ ನಡೆಯುತ್ತಿರುವ ಬದಲಾವಣೆಗೆ ‘ಗೆಟ್ಟಿಂಗ್’ ಬಹಳ ಚೆನ್ನಾಗಿ ಹೊಂದುತ್ತದೆ. “ಇಟ್ ಈಸ್ ಗೆಟ್ಟಿಂಗ್ ಡಾರ್ಕ್”: ಕತ್ತಲಾಗುತ್ತಿದೆ. ‘ಹೆಚ್ಚು ಹೆಚ್ಚು’ ಎನ್ನಬೇಕಾದಾಗ “ಗೆಟ್ಟಿಂಗ್ ಬೆಟರ್ ಆ್ಯಂಡ್ ಬೆಟರ್” ಎಂದು ಇಮ್ಮಡಿಸಿ ಹೇಳುತ್ತಾರೆ.

ಇಲ್ಲೊಂದು ಕಟ್ಟುನಿಟ್ಟಾದ ಗಡಿಯಿದೆ. ‘ಆಗು’ ಎಂಬ ಅರ್ಥ ಮುಂದೆ ಗುಣವಾಚಕವಿದ್ದಾಗ ಮಾತ್ರ, ನಾಮಪದವಿದ್ದಾಗ ಇಲ್ಲ. ಅವನು ವೈದ್ಯನಾದ ಎನ್ನಲು “ಹೀ ಗಾಟ್ ಎ ಡಾಕ್ಟರ್” ಎಂದರೆ ಅವನು ವೈದ್ಯರನ್ನು ಕರೆತಂದ ಎಂದಾಗಿಬಿಡುತ್ತದೆ. ಅಲ್ಲಿ ‘ಬಿಕೇಮ್’ ಬೇಕೇ ಬೇಕು. ಕನ್ನಡದ ‘ಆಗು’ ಎರಡೂ ಕೆಲಸವನ್ನು ಮಾಡುವುದರಿಂದ ನಮ್ಮವರು ಜಾರುವುದು ಇಲ್ಲೇ.

ರೂಢಿಯಾಗುವುದನ್ನು ಹೇಳುವ ‘ಗೆಟ್ ಯೂಸ್ಡ್ ಟು’ ಕೂಡ ಇದೇ ಬಳಗದ್ದು. “ಐ ಆ್ಯಮ್ ಯೂಸ್ಡ್ ಟು ದ ನಾಯ್ಸ್” ಎಂದರೆ ಗದ್ದಲ ರೂಢಿಯಾಗಿದೆ. “ಐ ಗಾಟ್ ಯೂಸ್ಡ್ ಟು ದ ನಾಯ್ಸ್” ಎಂದರೆ ರೂಢಿಯಾಯಿತು. ಇದರ ಮುಂದೆ ಕ್ರಿಯಾಪದ ಬಂದರೆ ‘ಇಂಗ್’ ರೂಪದಲ್ಲೇ ಬರಬೇಕು: “ಗೆಟ್ ಯೂಸ್ಡ್ ಟು ವೇಕಿಂಗ್ ಅರ್ಲಿ”.

ಐದನೆಯ ಹೆಜ್ಜೆ: ಮುಂದೆ ಜಾಗವಿದ್ದರೆ

ಜಾಗ ಬಂದರೆ ‘ತಲುಪು’. ಸಾಮಾನ್ಯವಾಗಿ ನಡುವೆ ‘ಟು’ ಬೇಕು: “ಗೆಟ್ ಟು ದ ಸ್ಟೇಷನ್”. ಆದರೆ ಹೋಮ್, ಹಿಯರ್, ದೇರ್ ಮುಂತಾದವುಗಳ ಹಿಂದೆ ‘ಟು’ ಇಲ್ಲ: “ಗೆಟ್ ಹೋಮ್”. ‘ಗೋ’ ಬರಿಯ ಹೋಗುವಿಕೆ, ‘ಗೆಟ್’ನಲ್ಲಿ ಹೇಗೋ ಮುಟ್ಟಿದೆ ಎಂಬ ಛಾಯೆಯಿದೆ. ಆದ್ದರಿಂದಲೇ ದಾರಿ ಕೇಳುವವರು “ಹೌ ಡು ಐ ಗೆಟ್ ಟು ದ ಸ್ಟೇಷನ್” ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ಮುಟ್ಟುವ ಬಗೆ.

ಆರನೆಯ ಹೆಜ್ಜೆ: ಮಾಡಿಸುವ ‘ಗೆಟ್’

ಕನ್ನಡದಲ್ಲಿ ಧಾತುವಿಗೆ ‘ಇಸು’ ಸೇರಿಸಿದರೆ ಸಾಕು, ಮಾಡು ಹೋಗಿ ಮಾಡಿಸು ಆಗುತ್ತದೆ, ಬರೆ ಹೋಗಿ ಬರೆಸು ಆಗುತ್ತದೆ. ಇಷ್ಟು ಚೊಕ್ಕವಾದ ಪ್ರತ್ಯಯ ಇಂಗ್ಲಿಷಿನಲ್ಲಿ ಇಲ್ಲ. ಅಲ್ಲಿ ಈ ಕೆಲಸಕ್ಕೆ ಮೇಕ್, ಹ್ಯಾವ್, ಗೆಟ್ ಎಂಬ ಸಹಾಯಕರಿದ್ದಾರೆ, ಅವರಲ್ಲಿ ದಿನಬಳಕೆಗೆ ಹೆಚ್ಚು ಒದಗುವುದು ‘ಗೆಟ್’. ಇದನ್ನು ಸರಿಯಾಗಿ ಬಳಸಲು ಒಂದು ತೀರ್ಮಾನ ಮಾಡಿಕೊಳ್ಳಬೇಕು: ವಾಕ್ಯದಲ್ಲಿ ಹೇಳುತ್ತಿರುವುದು ಕೆಲಸ ಮಾಡಿದ ವ್ಯಕ್ತಿಯನ್ನೋ, ಕೆಲಸಕ್ಕೆ ಒಳಗಾದ ವಸ್ತುವನ್ನೋ?

ವ್ಯಕ್ತಿಯನ್ನು ಹೇಳುವುದಾದರೆ ಗೆಟ್, ವ್ಯಕ್ತಿ, ಟು, ಕ್ರಿಯಾಪದ ಎಂಬ ಕ್ರಮ. “ಐ ಗಾಟ್ ಹಿಮ್ ಟು ಸೈನ್ ದ ಪೇಪರ್”: ಅವನಿಂದ ಕಾಗದಕ್ಕೆ ಸಹಿ ಹಾಕಿಸಿದೆ. ಈ ‘ಗೆಟ್’ನಲ್ಲಿ ಒಲಿಸಿದ, ಒಪ್ಪಿಸಿದ ಶ್ರಮ ಇರುತ್ತದೆ. ಅದೇ ವಾಕ್ಯದಲ್ಲಿ ‘ಮೇಡ್’ ಇಟ್ಟರೆ ಬಲವಂತ ಮಾಡಿದಿರಿ ಎಂದಾಗುತ್ತದೆ, ‘ಲೆಟ್’ ಇಟ್ಟರೆ ಅವನು ಮಾಡಬೇಕೆಂದಿದ್ದ, ನೀವು ಬಿಟ್ಟಿರಿ ಎಂದಾಗುತ್ತದೆ. ಮೇಕ್, ಹ್ಯಾವ್, ಲೆಟ್ ಈ ಮೂರಕ್ಕೂ ‘ಟು’ ಬೇಡ, ‘ಗೆಟ್’ಗೆ ಮಾತ್ರ ಬೇಕು. ಪರೀಕ್ಷೆಗಳಲ್ಲಿ ಇದನ್ನು ಮತ್ತೆ ಮತ್ತೆ ಕೇಳುವುದಕ್ಕೆ ಕಾರಣ ಈ ಒಂಟಿತನವೇ.

ವಸ್ತುವನ್ನು ಹೇಳುವುದಾದರೆ ಗೆಟ್, ವಸ್ತು, ಕ್ರಿಯಾಪದದ ಮೂರನೆಯ ರೂಪ ಎಂಬ ಕ್ರಮ. “ಐ ಗಾಟ್ ದ ರೂಫ್ ರಿಪೇರ್ಡ್”: ಛಾವಣಿ ರಿಪೇರಿ ಮಾಡಿಸಿದೆ. “ಐ ಗಾಟ್ ಮೈ ಹೇರ್ ಕಟ್”: ಕ್ಷೌರ ಮಾಡಿಸಿಕೊಂಡು ಬಂದೆ. ಯಾರು ಮಾಡಿದರು ಎಂಬುದು ಇಲ್ಲಿ ಮುಖ್ಯವಲ್ಲ. ವಸ್ತು ಕಡ್ಡಾಯವಾಗಿ ನಡುವೆ ಬರಬೇಕು. “ಐ ಗಾಟ್ ರಿಪೇರ್ಡ್ ದ ರೂಫ್” ಎಂಬುದು ಇಂಗ್ಲಿಷ್ ಅಲ್ಲ. ಕಚೇರಿ ಪತ್ರಗಳಲ್ಲಿ ಅದನ್ನು ಕಂಡಾಗ ನನಗೆ ನಿಜವಾಗಿ ವ್ಯಥೆಯಾಗುತ್ತದೆ, ಏಕೆಂದರೆ ಎರಡು ಪದಗಳ ಸ್ಥಾನ ಬದಲಿಸಿದ್ದರೆ ವಾಕ್ಯ ನಿರ್ದೋಷಿಯಾಗುತ್ತಿತ್ತು.

ಇದೇ ರಚನೆ ಕೆಲವೊಮ್ಮೆ ಅವಘಡವನ್ನೂ ಹೇಳುತ್ತದೆ. “ಹೀ ಗಾಟ್ ಹಿಸ್ ಫಿಂಗರ್ಸ್ ಕಾಟ್ ಇನ್ ದ ಡೋರ್” ಎಂದರೆ ಅವನ ಬೆರಳು ಬಾಗಿಲಿಗೆ ಸಿಕ್ಕಿಕೊಂಡಿತು. ಅವನೇನೂ ಅದನ್ನು ಮಾಡಿಸಿಕೊಳ್ಳಲಿಲ್ಲ. ಯಾವುದು ಏರ್ಪಾಟು, ಯಾವುದು ಅವಘಡ ಎಂಬುದನ್ನು ಸಂದರ್ಭ ತಾನಾಗಿಯೇ ತಿಳಿಸುತ್ತದೆ.

ನಿಂತದ್ದನ್ನು ಚಾಲೂ ಮಾಡುವ ಅರ್ಥಕ್ಕೆ ‘ಇಂಗ್’ ರೂಪ ಬರುತ್ತದೆ. “ಲೆಟ್ ಅಸ್ ಗೆಟ್ ಗೋಯಿಂಗ್”: ಹೊರಡೋಣ. “ಐ ಗಾಟ್ ದ ಎಂಜಿನ್ ರನ್ನಿಂಗ್”: ಎಂಜಿನ್ ಓಡುವಂತೆ ಮಾಡಿದೆ.

ಏಳನೆಯ ಹೆಜ್ಜೆ: ನೇರವಾಗಿ ಮೂರನೆಯ ರೂಪವೇ ಬಂದರೆ

ನಡುವೆ ವಸ್ತುವಿಲ್ಲದೆ ‘ಗೆಟ್’ ಪಕ್ಕದಲ್ಲೇ ಮೂರನೆಯ ರೂಪ ನಿಂತರೆ ಅದು ಕರ್ಮಣಿ ಪ್ರಯೋಗದ ಕೆಲಸ ಮಾಡುತ್ತದೆ. “ಹೀ ಗಾಟ್ ಕಾಟ್”: ಸಿಕ್ಕಿಬಿದ್ದ. “ವಿ ಗಾಟ್ ಪೇಯ್ಡ್”: ನಮಗೆ ಸಂಬಳವಾಯಿತು. ಶಾಲೆಯಲ್ಲಿ ‘ಬಿ’ ಬಳಸಿ ಮಾಡುವ ಕರ್ಮಣಿಯನ್ನಷ್ಟೇ ಕಲಿಸುತ್ತಾರೆ, ಹಾಗಾಗಿ ಇದು ತಪ್ಪೇನೋ ಎಂಬ ಅನುಮಾನ ಹಲವರಿಗೆ. ತಪ್ಪಲ್ಲ, ಮಾತಿನಲ್ಲಿ ತೀರ ಸಹಜ. ಮೇಲಾಗಿ ಕೆಲವು ಕಡೆ ‘ಬಿ’ಗಿಂತ ಸ್ಪಷ್ಟ. “ದ ವಿಂಡೋ ವಾಸ್ ಬ್ರೋಕನ್” ಎಂದರೆ ಕಿಟಕಿ ಒಡೆದಿತ್ತು ಎಂದೂ ಆಗಬಹುದು, ಒಡೆಯಿತು ಎಂದೂ ಆಗಬಹುದು. “ದ ವಿಂಡೋ ಗಾಟ್ ಬ್ರೋಕನ್” ಎಂದರೆ ಒಡೆಯಿತು ಎಂದಷ್ಟೇ.

ಈ ಕರ್ಮಣಿಗೆ ಒಂದು ಸ್ವಭಾವವಿದೆ: ಒಳಿತೋ ಕೆಡುಕೋ ತಟ್ಟಿದಾಗ ಇದು ಚೆನ್ನಾಗಿ ಹೊಂದುತ್ತದೆ. ಕೆಲಸದಿಂದ ತೆಗೆದರು, ಬಡ್ತಿ ಕೊಟ್ಟರು, ಪೆಟ್ಟಾಯಿತು, ಆಹ್ವಾನ ಬಂತು ಇಂಥವಕ್ಕೆಲ್ಲ ಸೈ. ಪ್ರೀತಿ, ಅರಿವು, ನಂಬಿಕೆ ಇಂಥ ಸ್ಥಿತಿಗಳಿಗೆ ಒಗ್ಗುವುದಿಲ್ಲ. “ಹೀ ಗಾಟ್ ಲವ್ಡ್” ಎಂದು ಯಾರೂ ಅನ್ನುವುದಿಲ್ಲ.

ಪ್ರಶ್ನೆ ಮತ್ತು ನಿಷೇಧದಲ್ಲಿ ‘ಡು’, ‘ಡಿಡ್’ ಬೇಕು. “ಡಿಡ್ ಯೂ ಗೆಟ್ ಪೇಯ್ಡ್”, “ಐ ಡಿಡ್ ನಾಟ್ ಗೆಟ್ ಪೇಯ್ಡ್”. ‘ವಾಸ್’ ತಿರುಗಿಸಿದಂತೆ ‘ಗಾಟ್’ ಅನ್ನು ಮುಂದೆ ತಂದು ಪ್ರಶ್ನೆ ಮಾಡಲು ಬರುವುದಿಲ್ಲ.

ಎಂಟನೆಯ ಹೆಜ್ಜೆ: ‘ಹ್ಯಾವ್ ಗಾಟ್’ ಎಂಬ ಬೇರೆ ಪ್ರಾಣಿ

ಇಷ್ಟು ಹೊತ್ತು ‘ಗೆಟ್’ ಎಂದರೆ ಬದಲಾವಣೆ ಎಂದು ಹೇಳುತ್ತ ಬಂದೆ. ‘ಹ್ಯಾವ್ ಗಾಟ್’ ಮಾತ್ರ ಬದಲಾವಣೆಯನ್ನು ಬಿಟ್ಟು ಇರುವಿಕೆಯ ಕಡೆ ಸೇರಿಕೊಂಡಿದೆ. “ಐ ಹ್ಯಾವ್ ಗಾಟ್ ಎ ಬ್ರದರ್” ಎಂದರೆ ನನಗೊಬ್ಬ ಅಣ್ಣನೋ ತಮ್ಮನೋ ಇದ್ದಾನೆ. ರೂಪ ನೋಡಿದರೆ ಆಗಿಹೋದ ಕ್ರಿಯೆ, ಅರ್ಥ ನೋಡಿದರೆ ವರ್ತಮಾನದ ‘ಇದೆ’. ‘ಪಡೆದುಕೊಂಡಿದ್ದೇನೆ’ ಎಂದರೆ ಈಗ ‘ನನ್ನ ಬಳಿ ಇದೆ’ ಎಂದೇ ತಾನೆ. ಹಾಗೆ ಅರ್ಥ ಜಾರಿ ಇಲ್ಲಿ ನೆಲೆಸಿತು.

ಈ ಜೋಡಿಯ ವ್ಯಾಕರಣವೂ ಬೇರೆಯೇ. ಪ್ರಶ್ನೆ “ಹ್ಯಾವ್ ಯೂ ಗಾಟ್ ಎ ಪೆನ್”, ಉತ್ತರ “ಯೆಸ್, ಐ ಹ್ಯಾವ್”, ನಿಷೇಧ “ಐ ಹ್ಯಾವ್ ನಾಟ್ ಗಾಟ್”. ಇಲ್ಲಿ ‘ಡು’ ಬರುವುದಿಲ್ಲ. ಭೂತಕಾಲಕ್ಕೆ ಹೋದರೆ ‘ಗಾಟ್’ ಬಿಟ್ಟು ಬರಿಯ ‘ಹ್ಯಾಡ್’ ಸಾಕು.

‘ಟು’ ಸೇರಿಸಿ “ಐ ಹ್ಯಾವ್ ಗಾಟ್ ಟು ಗೋ” ಎಂದರೆ ಹೋಗಲೇಬೇಕು. ಮಾತಿನ ಓಟದಲ್ಲಿ ‘ಹ್ಯಾವ್’ ಸವೆದು, ‘ಗಾಟ್ ಟು’ ಬೆಸೆದು, “ಐ ಗಾಟಾ ಗೋ” ಎಂದು ಕೇಳಿಸುತ್ತದೆ. ಕೇಳಿ ಗುರುತಿಸಿ, ಗೆಳೆಯರ ನಡುವೆ ಆಡಿದರೂ ಸರಿ, ಬರವಣಿಗೆಯಲ್ಲಿ ಬೇಡ.

ಈಗ ಪಕ್ಕಪಕ್ಕದಲ್ಲಿಟ್ಟು ನೋಡಲೇಬೇಕಾದ ಎರಡು ವಾಕ್ಯಗಳು. “ಐ ಹ್ಯಾವ್ ಗಾಟ್ ಟು ಸೀ ಹರ್” ಎಂದರೆ ನಾನು ಅವಳನ್ನು ನೋಡಲೇಬೇಕು. “ಐ ಗಾಟ್ ಟು ಸೀ ಹರ್” ಎಂದರೆ ಅವಳನ್ನು ನೋಡುವ ಅವಕಾಶ ನನಗೆ ಸಿಕ್ಕಿತು. ‘ಹ್ಯಾವ್’ ಎಂಬ ಒಂದು ಪದದ ಆಚೆಗೆ ಅನಿವಾರ್ಯತೆ, ಈಚೆಗೆ ಅದೃಷ್ಟ. ಸಿನಿಮಾ ಸಂಭಾಷಣೆಗಳಲ್ಲಿ ‘ಹ್ಯಾವ್’ ಕಿವಿಗೆ ಬೀಳದೆ ಹೋಗುವುದರಿಂದ ಕೇಳುಗರು ಗೊಂದಲಕ್ಕೆ ಬೀಳುತ್ತಾರೆ. ಕಾಲವನ್ನು ನೋಡಿದರೆ ಗೊಂದಲ ತಿಳಿಯಾಗುತ್ತದೆ. ನಾಳೆಯ ಮಾತಾದರೆ ಅನಿವಾರ್ಯತೆ, ನಿನ್ನೆಯ ಮಾತಾದರೆ ಅವಕಾಶ. ‘ಗೆಟ್ ಟು ನೋ’ ಎಂಬುದು ಮಾತ್ರ ಇವೆರಡಕ್ಕೂ ಸೇರದು, ಅದರ ಅರ್ಥ ಕ್ರಮೇಣ ಪರಿಚಯವಾಗು.

‘ಗಾಟನ್’ ವಿಷಯವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಬ್ರಿಟನ್ನಿನಲ್ಲಿ ಮೂರನೆಯ ರೂಪವೂ ‘ಗಾಟ್’. ಅಮೆರಿಕದಲ್ಲಿ ಪಡೆದದ್ದಕ್ಕೆ, ಆದದ್ದಕ್ಕೆ ‘ಗಾಟನ್’, ಇರುವುದಕ್ಕೆ ‘ಗಾಟ್’. ಅಮೆರಿಕದವರು “ಐ ಹ್ಯಾವ್ ಗಾಟನ್ ಎ ಲೆಟರ್” ಎಂದರೆ ಪತ್ರ ಬಂದಿದೆ, “ಐ ಹ್ಯಾವ್ ಗಾಟ್ ಎ ಲೆಟರ್” ಎಂದರೆ ಪತ್ರ ನನ್ನ ಬಳಿ ಇದೆ. ‘ಗಾಟನ್’ ಅನ್ನು ಅಮೆರಿಕದವರು ಹುಟ್ಟಿಸಿದ ಅಪಭ್ರಂಶವೆಂದು ಹೀಗಳೆಯುವವರಿದ್ದಾರೆ. ಅದು ಸರಿಯಲ್ಲ. ಅದು ಇಂಗ್ಲೆಂಡಿನಲ್ಲೇ ಹಿಂದೆ ಬಳಕೆಯಲ್ಲಿದ್ದ ಹಳೆಯ ರೂಪ, ಅಲ್ಲಿ ಮರೆಯಾಗಿ ಅಮೆರಿಕದಲ್ಲಿ ಉಳಿಯಿತು. ಬ್ರಿಟನ್ನಿನಲ್ಲೂ ಅಕ್ರಮ ಗಳಿಕೆಗೆ ‘ಇಲ್-ಗಾಟನ್’ ಎಂಬ ಮಾತು ಇಂದಿಗೂ ಇದೆ. ಯಾವುದಾದರೂ ಒಂದನ್ನು ಆರಿಸಿಕೊಂಡು ಒಂದೇ ಬರಹದಲ್ಲಿ ಅದನ್ನೇ ಪಾಲಿಸಿದರೆ ಸಾಕು.

ಒಂಬತ್ತನೆಯ ಹೆಜ್ಜೆ: ಬಾಲದ ಪದಗಳು

ಅಪ್, ಆನ್, ಓವರ್, ಥ್ರೂ, ಬೈ, ಅವೇ ಮುಂತಾದ ಬಾಲಗಳು ಸೇರಿ ಹುಟ್ಟುವ ಜೋಡಿಗಳು ನೂರಾರು. ಇಲ್ಲೂ ಪಟ್ಟಿಯ ಮೊರೆ ಹೋಗಬೇಡಿ, ಬಾಲದ ದಿಕ್ಕನ್ನು ನೋಡಿ. ‘ಓವರ್’ ಎಂದರೆ ಅಡ್ಡಗೋಡೆಯ ಆಚೆ, ಆದ್ದರಿಂದ ‘ಗೆಟ್ ಓವರ್’ ಎಂದರೆ ಕಾಯಿಲೆಯಿಂದ, ದುಃಖದಿಂದ ಚೇತರಿಸಿಕೊಳ್ಳು. ‘ಥ್ರೂ’ ಎಂದರೆ ಒಳಹೊಕ್ಕು ಹೊರಬರುವುದು, ಆದ್ದರಿಂದ ಕಷ್ಟ ದಾಟು, ಫೋನ್ ಸಂಪರ್ಕ ಸಿಗು. ‘ಅಕ್ರಾಸ್’ ಎಂದರೆ ಈ ದಡದಿಂದ ಆ ದಡಕ್ಕೆ, ಆದ್ದರಿಂದ ಹೇಳಿದ್ದು ಕೇಳಿದವರಿಗೆ ಮುಟ್ಟು. ‘ಬೈ’ ಎಂದರೆ ಪಕ್ಕದಿಂದ ಹೇಗೋ ಸಾಗುವುದು, ಆದ್ದರಿಂದ ಇದ್ದಷ್ಟರಲ್ಲೇ ಕಾಲ ಹಾಕು. ‘ಅವೇ’ ಎಂದರೆ ತಪ್ಪಿಸಿಕೊಳ್ಳು, ಅದಕ್ಕೆ ‘ವಿತ್’ ಸೇರಿದರೆ ತಪ್ಪು ಮಾಡಿಯೂ ಶಿಕ್ಷೆಯಿಲ್ಲದೆ ಪಾರಾಗು. ‘ಅಲಾಂಗ್’ ಎಂದರೆ ಜೊತೆಜೊತೆಗೆ, ಆದ್ದರಿಂದ ಹೊಂದಿಕೊಂಡು ಹೋಗು. ‘ಬ್ಯಾಕ್ ಟು’ ಎಂದರೆ ವಿಚಾರಿಸಿ ಮತ್ತೆ ತಿಳಿಸು. ಕಚೇರಿ ಮಾತಿನಲ್ಲಿ “ಐ ವಿಲ್ ಗೆಟ್ ಬ್ಯಾಕ್ ಟು ಯೂ” ಕೇಳದ ದಿನವಿಲ್ಲ.

ದಿಕ್ಕಿನಿಂದ ಊಹಿಸಲಾಗದವು ಕೆಲವಿವೆ, ಅವನ್ನು ಹಾಗೆಯೇ ನೆನಪಿಡಬೇಕು. “ವಾಟ್ ಆರ್ ಯೂ ಗೆಟ್ಟಿಂಗ್ ಅಟ್” ಎಂದರೆ ನಿಮ್ಮ ಮಾತಿನ ಇಂಗಿತವೇನು. ‘ಗೆಟ್ ರಿಡ್ ಆಫ್’ ಎಂದರೆ ತೊಲಗಿಸು. ‘ಗೆಟ್ ಅರೌಂಡ್ ಟು’ ಎಂದರೆ ಕೊನೆಗೂ ಬಿಡುವು ಮಾಡಿಕೊಂಡು ಆ ಕೆಲಸಕ್ಕೆ ಕೈಹಾಕು.

ವಾಹನ ಹತ್ತಿ ಇಳಿಯುವುದರಲ್ಲಿ ಕನ್ನಡಿಗರ ಬಹುದೊಡ್ಡ ತೊಡಕಿದೆ. ನಮಗೆ ಎಲ್ಲಕ್ಕೂ ಒಂದೇ ‘ಹತ್ತು’, ಒಂದೇ ‘ಇಳಿ’. ಇಂಗ್ಲಿಷಿನಲ್ಲಿ ಒಳಗೆ ಎದ್ದು ಓಡಾಡಬಹುದಾದ ಬಸ್, ರೈಲು, ವಿಮಾನ, ಹಡಗುಗಳಿಗೆ, ಹಾಗೆಯೇ ಮೇಲೆ ಕೂರುವ ಸೈಕಲ್, ಕುದುರೆಗಳಿಗೆ ‘ಗೆಟ್ ಆನ್’, ‘ಗೆಟ್ ಆಫ್’. ಬಗ್ಗಿ ಒಳಗೆ ಕೂರಬೇಕಾದ ಕಾರು, ಟ್ಯಾಕ್ಸಿಗಳಿಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’. ‘ಇಳಿ’ ಎಂಬುದರ ನೆರಳಿನಲ್ಲಿ ನಾವು ಬಸ್ಸಿಗೂ ಕಾರಿಗೂ ‘ಗೆಟ್ ಡೌನ್’ ಎನ್ನುತ್ತೇವೆ. ಹೊರಗಿನವರಿಗೆ ಅದು ಮೇಜಿನ ಮೇಲಿಂದಲೋ ಮರದಿಂದಲೋ ಕೆಳಗಿಳಿ, ಅಥವಾ ತಲೆ ತಗ್ಗಿಸಿ ಅಡಗಿಕೊ ಎಂದು ಕೇಳಿಸುತ್ತದೆ.

ಹತ್ತನೆಯ ಹೆಜ್ಜೆ: ಎಲ್ಲಿ ಬಿಡಬೇಕು

ಬರವಣಿಗೆಯಲ್ಲಿ ‘ಗೆಟ್’ ಬಳಸಲೇಬಾರದು ಎಂದು ಕೆಲವು ಶಿಕ್ಷಕರು ಆಣೆ ಹಾಕಿಸುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಪ್ರಬಂಧ, ವರದಿ, ಕಾನೂನು ಪತ್ರಗಳಲ್ಲಿ ‘ರಿಸೀವ್’, ‘ಬಿಕಮ್’, ‘ಅರೈವ್’ ಹೆಚ್ಚು ಒಪ್ಪುತ್ತವೆ, ನಿಜ. ಅಲ್ಲಿ ಅರ್ಥ ಖಚಿತವಾಗಿರಬೇಕು, ‘ಗೆಟ್’ ಸಡಿಲ ಪದ. ಆದರೆ ಗೆಳೆಯರಿಗೆ ಬರೆಯುವಾಗ, ಕತೆಯ ಸಂಭಾಷಣೆಯಲ್ಲಿ, ಸಾಮಾನ್ಯ ಇಮೇಲಿನಲ್ಲಿ ‘ಗೆಟ್’ ತೆಗೆದರೆ ಉಸಿರೇ ಹೋಗುತ್ತದೆ. ಮಳೆಯಲ್ಲಿ ನೆನೆದವರು “ಐ ಬಿಕೇಮ್ ವೆಟ್” ಎನ್ನುವುದಿಲ್ಲ. ಒಂದೇ ಪ್ಯಾರಾದಲ್ಲಿ ಹತ್ತಿರ ಹತ್ತಿರ ಹಲವು ‘ಗೆಟ್’ ಬಂದರೆ ಮಾತ್ರ ಕೆಲವನ್ನು ಬದಲಿಸಿ. ಮೊದಲು ಬದಲಿಸಬೇಕಾದದ್ದು ಓದುಗ ಎರಡು ಅರ್ಥ ಮಾಡಿಕೊಳ್ಳಬಹುದಾದ ಕಡೆಯದು.

ಕೊನೆಯ ಹೆಜ್ಜೆ: ಒಂದು ತುಣುಕನ್ನು ಬಿಡಿಸಿ ನೋಡಿ

ಕಲಿತದ್ದನ್ನು ಪರೀಕ್ಷಿಸಲು ಈ ತುಣುಕನ್ನು ಗಟ್ಟಿಯಾಗಿ ಓದಿ:

“ಐ ಗಾಟ್ ಯುವರ್ ಮೆಸೇಜ್ ಲೇಟ್. ವೆನ್ ಐ ಗಾಟ್ ಟು ದ ಹಾಸ್ಪಿಟಲ್, ಇಟ್ ವಾಸ್ ಗೆಟ್ಟಿಂಗ್ ಡಾರ್ಕ್. ಐ ಕುಡ್ ನಾಟ್ ಗೆಟ್ ದ ಗಾರ್ಡ್ ಟು ಓಪನ್ ದ ಗೇಟ್. ಐ ನೆವರ್ ಗಾಟ್ ಟು ಸೀ ಹರ್. ಐ ಹ್ಯಾವ್ ಗಾಟ್ ಟು ಕಾಲ್ ಹರ್ ಟುಮಾರೋ.”

ಆರು ಕಡೆ ಪದ ಬಂದಿದೆ, ಒಂದೊಂದರ ಬಲಗಡೆ ನೋಡುತ್ತ ಹೋಗಿ. ಮೊದಲನೆಯದರ ಮುಂದೆ ಸಂದೇಶ, ಅಂದರೆ ವಸ್ತು, ಆದ್ದರಿಂದ ‘ಸಿಕ್ಕಿತು’. ಎರಡನೆಯದರ ಮುಂದೆ ‘ಟು’ ಇದೆ, ಅದರಾಚೆ ಆಸ್ಪತ್ರೆ ಇದೆ, ಜಾಗವಾದ್ದರಿಂದ ‘ತಲುಪಿದೆ’. ಮೂರನೆಯದರ ಮುಂದೆ ಗುಣ, ಆದ್ದರಿಂದ ‘ಆಗುತ್ತಿತ್ತು’. ನಾಲ್ಕನೆಯದರ ಮುಂದೆ ವ್ಯಕ್ತಿ, ಆಮೇಲೆ ‘ಟು’ ಮತ್ತು ಕ್ರಿಯಾಪದ, ಆದ್ದರಿಂದ ಕಾವಲುಗಾರನಿಂದ ಗೇಟು ‘ತೆರೆಸಲಾಗಲಿಲ್ಲ’. ಐದು ಮತ್ತು ಆರರಲ್ಲಿ ‘ಗಾಟ್ ಟು’ ಮುಂದೆ ಕ್ರಿಯಾಪದವಿದೆ. ಐದನೆಯದು ಆಗಿಹೋದ ಮಾತು, ಹಿಂದೆ ‘ಹ್ಯಾವ್’ ಇಲ್ಲ, ಆದ್ದರಿಂದ ನೋಡುವ ಅವಕಾಶ ಸಿಗಲೇ ಇಲ್ಲ. ಆರನೆಯದರ ಹಿಂದೆ ‘ಹ್ಯಾವ್’ ಇದೆ, ನಾಳೆಯ ಮಾತು, ಆದ್ದರಿಂದ ಕರೆ ಮಾಡಲೇಬೇಕು. ‘ಗಾಟ್ ಟು’ ಮೂರು ಸಲ ಬಂದು ಮೂರು ಕೆಲಸ ಮಾಡಿದೆ.

ಇದಾದ ಮೇಲೆ ನೀವು ನೋಡುತ್ತಿರುವ ಯಾವುದಾದರೂ ಇಂಗ್ಲಿಷ್ ಸರಣಿಯ ಒಂದು ದೃಶ್ಯವನ್ನು ಅಡಿಬರಹದೊಂದಿಗೆ ಹಾಕಿ, ‘ಗೆಟ್’ ಬಂದಲ್ಲೆಲ್ಲ ನಿಲ್ಲಿಸಿ, ಅದರ ಮುಂದಿನ ಪದವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅರ್ಥ ಬರೆಯಬೇಡಿ. ದೃಶ್ಯ ಮುಗಿದ ಮೇಲೆ ಆ ಪದಗಳನ್ನು ವಸ್ತು, ಗುಣ, ಜಾಗ, ಕ್ರಿಯೆ, ಬಾಲ ಎಂದು ಐದು ಗುಂಪು ಮಾಡಿ. ಎಲ್ಲಿಗೂ ಸೇರದೆ ಉಳಿದವು ಒಂದೆರಡು ಇರುತ್ತವೆ. ನಿಘಂಟನ್ನು ಅವುಗಳಿಗಾಗಿ ಮಾತ್ರ ತೆರೆಯಿರಿ.